ಆಟಗಾರ ಡಾಕ್ಟರು

ನಾನು ಕನ್ನಡ ಪಾಠ ಹೇಳುವವನು. ಕಾಲ್ಚೆಂಡಾಟಕ್ಕೂ ನನಗೂ ಇರುವ ನಂಟು ಇಷ್ಟೇ: ಕಾಲೇಜಿನ ಬಯಲಿನ ಗದ್ದಲ ಕಿಟಕಿಯಿಂದ ನನ್ನ ತರಗತಿಯೊಳಕ್ಕೆ ಬರುತ್ತದೆ, ನನ್ನ ಹುಡುಗರು ಬಾಗಿಲಿನಿಂದ ಹೊರಕ್ಕೆ ಹೋಗುತ್ತಾರೆ.

ಹೋದ ತಿಂಗಳು ಅಂಥವನೊಬ್ಬ ಹಾಜರಿ ಸಾಲದೆ ನನ್ನೆದುರು ಬಂದು ನಿಂತ. "ಓದು ಬಿಟ್ಟು ಆಡಿದವನು ಉದ್ಧಾರವಾದದ್ದುಂಟೇನಯ್ಯ?" ಎಂದು ಗದರಿಸಿದೆ. ಅವನು ತಲೆ ತಗ್ಗಿಸಿಕೊಂಡೇ, "ಓದು ಬಿಡದೆಯೂ ಆಡಬಹುದು, ಸಾರ್. ತಾಲಿಮೆರೆನ್ ಆವೊ ಆಡಲಿಲ್ಲವೆ?" ಎಂದ. ಆ ಹೆಸರನ್ನು ನಾನು ಕೇಳಿರಲಿಲ್ಲ. ಆದರೆ ಮೇಷ್ಟರಾದವನು ಹಾಗೆಂದು ಒಪ್ಪಿಕೊಳ್ಳುವುದುಂಟೆ? "ನಾಳೆ ಬಾ" ಎಂದು ಅವನನ್ನು ಸಾಗಹಾಕಿ ಪುಸ್ತಕಾಲಯಕ್ಕೆ ನಡೆದೆ.

ಆವೊ ಹುಟ್ಟಿದ್ದು 1918ರಲ್ಲಿ, ನಾಗಾ ಬೆಟ್ಟಗಳ ಚಾಂಕಿ ಎಂಬ ಹಳ್ಳಿಯಲ್ಲಿ. ತಂದೆ ಪಾದ್ರಿ, ಹನ್ನೆರಡು ಮಕ್ಕಳ ಸಂಸಾರ. ಇಂಪುರದ ಮಿಷನ್ ಬಯಲಿನಲ್ಲಿ ಚಿಂದಿಬಟ್ಟೆಯ ಚೆಂಡನ್ನು ಒದ್ದು ಹುಡುಗ ಆಟ ಕಲಿತ. ಅವನ ಹರೆಯದಲ್ಲೇ ತಂದೆ ಜ್ವರದಿಂದ ತೀರಿಕೊಂಡರು. ಮಗ ಡಾಕ್ಟರಾಗಿ ತನ್ನ ಜನರ ಸೇವೆ ಮಾಡಬೇಕೆಂಬುದು ಅವರ ಆಸೆಯಾಗಿತ್ತು.

ಮಗ ಗೌಹಾತಿಯ ಕಾಟನ್ ಕಾಲೇಜಿನಲ್ಲಿ ಓದಿ, ಕಲ್ಕತ್ತೆಯ ಕಾರ್ಮೈಕೇಲ್ ವೈದ್ಯಕೀಯ ಕಾಲೇಜನ್ನು ಸೇರಿದರು. ಒಂದು ಕಡೆ ವೈದ್ಯದ ಓದು, ಇನ್ನೊಂದು ಕಡೆ ಮೋಹನ್ ಬಾಗಾನ್ ಕ್ಲಬ್ಬಿನ ಆಟ. 1948ರ ಲಂಡನ್ ಒಲಿಂಪಿಕ್ಸಿಗೆ ಹೋದ ಭಾರತದ ಕಾಲ್ಚೆಂಡು ತಂಡಕ್ಕೆ ಅವರೇ ನಾಯಕರು. ಉದ್ಘಾಟನೆಯ ದಿನ ದೇಶದ ಬಾವುಟ ಹಿಡಿದು ನಡೆದವರೂ ಅವರೇ. ಫ್ರಾನ್ಸಿನ ಎದುರು ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಎರಡು ಪೆನಾಲ್ಟಿಗಳು ವ್ಯರ್ಥವಾಗಿ, 2-1ರಲ್ಲಿ ಸೋತರು. ನಮ್ಮ ಒಂದೇ ಗೋಲನ್ನು ಹೊಡೆದವರು ಮೈಸೂರು ಸೀಮೆಯ ಸಾರಂಗಪಾಣಿ ರಾಮನ್. ಚೆಂಡನ್ನೇ ಮುಟ್ಟದ ನನ್ನ ಎದೆಯೂ ಇದನ್ನೋದಿ ಅರ್ಧ ಅಂಗುಲ ಉಬ್ಬಿತು.

ಆದರೆ ಅದನ್ನು ಇಳಿಸಿದ್ದು ಮುಂದಿನ ಕಥೆ. 1950ರಲ್ಲಿ ವೈದ್ಯ ಪದವಿ ಬಂತು. ಆವೊ ಕಲ್ಕತ್ತೆಯ ಚಪ್ಪಾಳೆಯನ್ನು ಬಿಟ್ಟು ಬೆಟ್ಟದ ನಾಡಿಗೆ ಹಿಂದಿರುಗಿದರು. ಕೊಹಿಮಾದ ಆಸ್ಪತ್ರೆಯಲ್ಲಿ ರೋಗಿಗಳ ನಾಡಿ ಹಿಡಿದರು. ಅಲ್ಲಿ ಬಂದೂಕಿನ ಸದ್ದು ಅಡಗದಿದ್ದ ಕಾಲ ಅದು. 1963ರಲ್ಲಿ ನಾಗಾಲ್ಯಾಂಡ್ ರಾಜ್ಯವಾದಾಗ ಅದರ ಆರೋಗ್ಯ ಇಲಾಖೆಯ ನಿರ್ದೇಶಕರಾಗಿ, 1978ರಲ್ಲಿ ನಿವೃತ್ತರಾದರು. 1998ರಲ್ಲಿ ತೀರಿಕೊಂಡರು. ತಂದೆಯ ಒಂದು ಆಸೆಗೆ ಮಗ ಸಲ್ಲಿಸಿದ ಲೆಕ್ಕ ಇದು.

ನನ್ನ ತಂದೆಗೂ ಒಂದು ಆಸೆಯಿತ್ತು. ಓದು ಮುಗಿಸಿ ಊರಿಗೆ ಬಂದು ಅಲ್ಲಿನ ಹುಡುಗರಿಗೆ ನಾನು ಪಾಠ ಹೇಳಬೇಕೆಂದು. "ಆಗಲಿ" ಎಂದಿದ್ದೆ. ಎಂ.ಎ. ಆಯಿತು; ಬೆಂಗಳೂರು ನನ್ನನ್ನು ಹಿಡಿದುಕೊಂಡಿತು. ನಿಜ ಹೇಳುವುದಾದರೆ, ನಾನೇ ಬೆಂಗಳೂರನ್ನು ಹಿಡಿದುಕೊಂಡೆ. ಅವರು ಒಮ್ಮೆಯೂ ಆ ಮಾತನ್ನೆತ್ತಲಿಲ್ಲ. ಈಗ ಎತ್ತಲು ಅವರೇ ಇಲ್ಲ.

ಮರುದಿನ ಹುಡುಗ ಬಂದ. "ನಿಮ್ಮ ತಂದೆ ಏನೆನ್ನುತ್ತಾರಪ್ಪ?" ಎಂದೆ.

"ಆಡು, ಆದರೆ ಪರೀಕ್ಷೆ ಬಿಡಬೇಡ ಅಂತಾರೆ, ಸಾರ್."

"ಹಾಗಾದರೆ ಉಳಿದ ಪಾಠ ಒಂದನ್ನೂ ತಪ್ಪಿಸಬೇಡ; ಹಾಜರಿ ಸರಿಹೋದೀತು. ಸಂಜೆ ಬೇಕಾದಷ್ಟು ಆಡು" ಎಂದು ಕಳುಹಿಸಿದೆ. ಗದರಿಸುವ ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ.

ಈ ಬೇಸಗೆಯ ರಜದಲ್ಲಿ ಊರಿಗೆ ಹೋಗಿ, ಒಂದು ತಿಂಗಳಾದರೂ ಅಲ್ಲಿನ ಹುಡುಗರಿಗೆ ಪಾಠ ಹೇಳಬೇಕೆಂದಿದ್ದೇನೆ. ಇದನ್ನು ಪತ್ರಿಕೆಯಲ್ಲಿ ಅಚ್ಚು ಮಾಡಿಸುತ್ತಿರುವುದು ದೊಡ್ಡಸ್ತಿಕೆಗಲ್ಲ. ಈ ಸಲವೂ ತಪ್ಪಿಸಿಕೊಂಡರೆ ಕೇಳುವವರು ನಾಲ್ಕು ಜನ ಇರಲಿ ಎಂದು.