ಓ ಪಾಸಿಟಿವ್ ಯಾರೂ ಇಲ್ಲಂತ!

ನಾವು ನಾಲ್ಕು ಮಂದಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಹೀಗೆ ತಾಲ್ಲೂಕಿಗೆ ಒಬ್ಬರು. ಬೇಕಂತಲೇ ಆರಿಸಿಕೊಂಡಿದ್ದಲ್ಲ, ರೋಲ್ ನಂಬರ್ ಹಂಗ ಬಂದಿತ್ತು. ನಮ್ಮ ಪಾಲಿಗೆ ಸಿಕ್ಕಿದ್ದು ಹೊಸ ಪ್ರಾಜೆಕ್ಟೂ ಅಲ್ಲ. ಹಿಂದಿನ ಒಂದೆರಡು ಬ್ಯಾಚಿನವರು ಕೈಯಿಂದ ಕೈಗೆ ದಾಟಿಸಿದ ರಕ್ತದಾನಿಗಳ ವೆಬ್‌ಸೈಟ್. ಕ್ಯಾಂಪಸ್ಸಿನ ಶಿಬಿರದಲ್ಲಿ ರಕ್ತ ಕೊಟ್ಟವರ ಹೆಸರು, ಗುಂಪು, ಊರು, ಫೋನ್ ನಂಬರ್ ಅದರಲ್ಲಿವೆ. ಊರ ಕಡೆಯಿಂದ ಯಾರನ್ನಾದರೂ ವಿಜಯಪುರದ ದವಾಖಾನೆಗೆ ಸೇರಿಸಿದರೆ, ಹತ್ತಿರದ ತಾಲ್ಲೂಕಿನ ದಾನಿಯನ್ನು ಹುಡುಕಿ ಫೋನ್ ಮಾಡಬೇಕು, ಅಷ್ಟೇ ಕೆಲಸ. ಕೇಳೋಕೆ ಸಣ್ಣದು.

ಒಂದು ಜಿಪ್ ಫೈಲಿನಲ್ಲಿ ಸ್ಪ್ರಿಂಗ್ ಬೂಟ್ ಕೋಡು, ಇನ್ನೊಂದರಲ್ಲಿ ಮೈಎಸ್‌ಕ್ಯೂಎಲ್ ಡಂಪು. ಮೊದಲ ಎರಡು ದಿನ ಬಂದ ಎರರ್‌ಗಳನ್ನ ನೀವೆಲ್ಲ ನೋಡಿಯೇ ಇರ್ತೀರಿ. ಪಾಸ್‌ವರ್ಡ್ ಬೇರೆ ಇದ್ದದ್ದಕ್ಕೆ 'ಆಕ್ಸೆಸ್ ಡಿನೈಡ್'. ಲ್ಯಾಪ್‌ಟಾಪಿನಲ್ಲಿ ಚೆಂದ ಓಡಿದ್ದು ಲ್ಯಾಬಿನ ಲಿನಕ್ಸ್ ಸರ್ವರಿಗೆ ಹಾಕಿದ ಕೂಡಲೇ 'ಟೇಬಲ್ ಡಸಂಟ್ ಎಕ್ಸಿಸ್ಟ್' ಅಂತು. ವಿಂಡೋಸ್‌ನಲ್ಲಿ ಮೈಎಸ್‌ಕ್ಯೂಎಲ್ ಟೇಬಲ್ ಹೆಸರಿನ ದೊಡ್ಡಕ್ಷರ ಸಣ್ಣಕ್ಷರ ನೋಡಲ್ಲ, ಲಿನಕ್ಸ್‌ನಲ್ಲಿ ನೋಡುತ್ತೆ. ಕನ್ನಡದ ಹೆಸರೆಲ್ಲ ಪ್ರಶ್ನಾರ್ಥಕ ಚಿಹ್ನೆಯ ಸಾಲಾಗಿ ಬಂದವು. ಡಂಪು 8.0ಕ್ಕಿಂತ ಹಳೇ ಮೈಎಸ್‌ಕ್ಯೂಎಲ್ಲಿನದು. ಆಗಿನ ಡೀಫಾಲ್ಟು ಲ್ಯಾಟಿನ್1, ಅದಕ್ಕೆ ಕನ್ನಡ ಅಂದ್ರೇನು ಅಂತ್ಲೇ ಗೊತ್ತಿಲ್ಲ. ಪುಣ್ಯಕ್ಕೆ ಶಿಬಿರದ ಎಕ್ಸೆಲ್ ಶೀಟು ಸಿಕ್ಕಿತು, ಹೆಸರು ಮತ್ತೆ ತುಂಬಿದೆವು. ಇಂಥವು ಕೂಗಿ ಹೇಳುವ ಎರರ್. ಕೆಂಪು ಅಕ್ಷರದಲ್ಲಿ ನೂರು ಸಾಲು ಚೆಲ್ಲಿದರೂ 'ಕಾಸ್ಡ್ ಬೈ' ಅಂತ ಇರೋ ಕೊನೇ ಸಾಲು ಹುಡುಕಿ ಓದಿದರೆ ಹತ್ತರಲ್ಲಿ ಎಂಟು ಸಲ ಅಲ್ಲೇ ಉತ್ತರ ಇರುತ್ತೆ. ನಮ್ಮ ಅಭಿಪ್ರಾಯ ಕೇಳಿದರೆ ಇವು ಒಳ್ಳೇ ಮಂದಿ. ತಪ್ಪಾದಾಗ ಬಾಯಿ ಬಿಡ್ತಾವೆ.

ಬಾಯಿ ಬಿಡದವು ಆಮೇಲೆ ಶುರುವಾದವು.

ಸೈಟು ಎದ್ದು ನಿಂತಿತು. ಖುಷಿಗೆ ಒಬ್ಬೊಬ್ಬರೂ ತಂತಮ್ಮ ಊರು ಹುಡುಕಿದೆವು. ಇಂಡಿ ಅಂತ ಹೊಡೆದರೆ ಇಡೀ ಪಟ್ಟಿಯೇ ಬಂತು. "ನೋಡ್ರಲೇ, ನಮ್ಮ ತಾಲ್ಲೂಕಿನವರು ಎಷ್ಟ್ ಮಂದಿ ರಕ್ತ ಕೊಟ್ಟಾರ!" ಅಂತ ಇಂಡಿಯವ ಎದೆ ಉಬ್ಬಿಸಿದ. ಕ್ವೆರಿ ತೆಗೆದು ನೋಡಿದರೆ ವಿಳಾಸದ ಕಾಲಮ್ಮಿನ ಮೇಲೆ 'ಲೈಕ್' ಹಾಕಿದ್ದರು, ಹಿಂದೆ ಮುಂದೆ ಶೇಕಡಾ ಚಿಹ್ನೆ. ಪ್ರತಿ ವಿಳಾಸದ ಕೊನೆಗೂ 'ಇಂಡಿಯಾ' ಇದೆ. ಇಂಗ್ಲಿಷಿನಲ್ಲಿ ಬರೆದರೂ ಕನ್ನಡದಲ್ಲಿ ಬರೆದರೂ ಇಂಡಿಯಾದ ಒಳಗೆ ಇಂಡಿ ಇದ್ದೇ ಇದೆ. ದೇಶಕ್ಕೇ ನಮ್ಮೂರ ಹೆಸರು ಇಟ್ಟಾರ ಅಂತ ಅವನು ಇವತ್ತಿಗೂ ಹೇಳ್ತಾನೆ.

ಬಾಗೇವಾಡಿಯವನಿಗೆ ತನ್ನ ಊರು 'ಬಸವನ ಬಾಗೇವಾಡ' ಅಂತ ಕಂಡಿತು. ಕಾಲಮ್ಮಿನ ಅಳತೆ 12 ಅಕ್ಷರ, ಆ ಹೆಸರು ಯೂನಿಕೋಡ್ ಲೆಕ್ಕದಲ್ಲಿ ನಡುವಿನ ಖಾಲಿ ಜಾಗ ಸೇರಿ 13. ಮೈಎಸ್‌ಕ್ಯೂಎಲ್ ಸ್ಟ್ರಿಕ್ಟ್ ಮೋಡಿನಲ್ಲಿದ್ದರೆ ಹಿಡಿಸಲ್ಲ ಅಂತ ತಕರಾರು ಮಾಡುತ್ತಿತ್ತು. ಹಿಂದೆ ಯಾರೋ ಆ ಮೋಡ್ ಆಫ್ ಮಾಡಿದ್ದರು, ಹಾಗಾಗಿ ಕೊನೇ ಗುಡಿಸನ್ನು ಸುಮ್ಮನೆ ಕತ್ತರಿಸಿ ಒಳಗೆ ಹಾಕಿಕೊಂಡಿತ್ತು. ಬಸವಣ್ಣನವರು ಹುಟ್ಟಿದ ಊರಿಗೇ ಈ ಗತಿ.

ಮುದ್ದೇಬಿಹಾಳದ್ದು ಇನ್ನೂ ಸೂಕ್ಷ್ಮ. ಪರದೆಯ ಮೇಲೆ ಎರಡು ಮುದ್ದೇಬಿಹಾಳ, ಅಕ್ಷರಕ್ಕೆ ಅಕ್ಷರ ಒಂದೇ. ಜಾವಾದ 'ಈಕ್ವಲ್ಸ್' ಮಾತ್ರ ಬೇರೆ ಬೇರೆ ಅನ್ನುತ್ತೆ. 'ದ್ದೇ'ಯಲ್ಲಿರುವ ಆ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಒಂದು ದೀರ್ಘ ಒಂದು ಅಂತ ಎರಡು ಸಂಕೇತವಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಬೈಟಿಗೆ ಬೇರೆ. ಉಳಿಸುವ ಮುಂಚೆ ಎಲ್ಲ ಹೆಸರನ್ನೂ ಎನ್‌ಎಫ್‌ಸಿ ರೂಪಕ್ಕೆ ತಂದರೆ ಮುಗೀತು, ಜಾವಾದಲ್ಲಿ ಒಂದು ಸಾಲಿನ ಕೆಲಸ. ಕನ್ನಡದಲ್ಲಿ ಡೇಟಾ ಇಡುವವರೆಲ್ಲ ಇದನ್ನ ಗೋಡೆ ಮೇಲೆ ಬರೆದಿಟ್ಟುಕೊಳ್ಳಬೇಕು.

ಇಷ್ಟೊತ್ತು ಸಿಂದಗಿಯವ ಸುಮ್ಮನಿದ್ದ. ಅವನದು ಸಿಂದಗಿಯ ಪಕ್ಕದ ಹಳ್ಳಿ, ಗೆಳೆಯರೆಲ್ಲ ಆಲಮೇಲದವರು. "ಶಿಬಿರಕ್ಕ ನಾನಾ ಅವರನ್ನ ಕರ್ಕೊಂಡ್ ಬಂದಿದ್ದೆ. ಒಬ್ಬರ ಹೆಸರೂ ಇಲ್ಲಲ್ಲೋ ಇದರಾಗ" ಅಂದ. ದಾನಿಗಳ ಟೇಬಲ್ಲಿನ ಸಾಲು ಎಣಿಸಿದೆವು, ಪರದೆಯ ಮೇಲೆ ಬಂದ ಸಾಲು ಎಣಿಸಿದೆವು. ತಾಳೆ ಆಗಲಿಲ್ಲ. 2011ರ ಜನಗಣತಿ ಹೊತ್ತಿಗೆ ನಮ್ಮ ಜಿಲ್ಲೆಗೆ ಇದ್ದದ್ದು ಐದೇ ತಾಲ್ಲೂಕು. ಆಮೇಲೆ ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಬೇರೆ ತಾಲ್ಲೂಕಾದವು. ತಾಲ್ಲೂಕಿನ ಟೇಬಲ್ಲಿನಲ್ಲಿ ಮಾತ್ರ ಇನ್ನೂ ಐದೇ ಸಾಲು. ಹೊಸ ತಾಲ್ಲೂಕು ಬರೆದವರಿಗೆ ತಾಲ್ಲೂಕಿನ ಐಡಿ ನಲ್ ಆಗಿ ಕೂತಿತ್ತು. ಕ್ವೆರಿಯಲ್ಲಿ ದಾನಿಯ ಹೆಸರಿನ ಜೊತೆ 'ಅವರ ತಾಲ್ಲೂಕಿನ ಹೆಸರು' ಅಂತ ಚುಕ್ಕಿ ಹಾಕಿ ಕೇಳಿದರೆ ಹೈಬರ್ನೇಟ್ ಹಿಂದಿನಿಂದ ಇನ್ನರ್ ಜಾಯಿನ್ ಮಾಡುತ್ತೆ. ಜೋಡಿ ಸಿಗದ ಸಾಲು ಸದ್ದಿಲ್ಲದೆ ಬಿದ್ದುಹೋಗುತ್ತೆ. ಎರರ್ ಇಲ್ಲ, ವಾರ್ನಿಂಗೂ ಇಲ್ಲ. ಲೆಫ್ಟ್ ಜಾಯಿನ್ ಹಾಕಿದ ಮೇಲೆ ಆಲಮೇಲದವರೆಲ್ಲ ಬಂದು ನಿಂತರು.

ಜಿಲ್ಲೆಯ ಹೆಸರಿನದೂ ಒಂದು ರಗಳೆ ಇತ್ತು. 2014ರ ನವೆಂಬರ್ 1ಕ್ಕೆ ಬಿಜಾಪುರ ಹೋಗಿ ವಿಜಯಪುರ ಬಂತು. ಕೆಲವು ಸಾಲಲ್ಲಿ ಹಳೇ ಹೆಸರು, ಕೆಲವದರಲ್ಲಿ ಹೊಸದು. ಜಿಲ್ಲೆಗಳ ಪಟ್ಟಿಯಲ್ಲಿ ಹೆಸರಿನಿಂದ ಹುಡುಕಿದರೆ ಬಿಜಾಪುರ ಸಿಗುತ್ತಿತ್ತು, ಆದರೆ ಅದು ಛತ್ತೀಸಗಢದ್ದು! ಹೆಸರಿನ ಮೇಲೆ ಮ್ಯಾಪ್ ಮಾಡಬೇಡಿ, ಕೋಡಿನ ಮೇಲೆ ಮಾಡಿ.

ಇಷ್ಟೆಲ್ಲ ಆದ ಮೇಲೆ ರಕ್ತದ ಗುಂಪಿನಿಂದ ಹುಡುಕಿದೆವು. ಪಾಸಿಟಿವ್ ಯಾವುದೂ ಬರಲಿಲ್ಲ, ನೆಗೆಟಿವ್ ಮಾತ್ರ. ಇದು ಬೇಗ ಸಿಕ್ಕಿತು. ಯುಆರ್‌ಎಲ್‌ನಲ್ಲಿ ಕೂಡಿಸುವ ಚಿಹ್ನೆಯನ್ನು ಹಾಗೇ ಕಳಿಸಿದರೆ ಸರ್ವರ್ ಅದನ್ನು ಖಾಲಿ ಜಾಗ ಅಂತ ಓದುತ್ತೆ. ಎನ್‌ಕೋಡ್ ಮಾಡಿ ಕಳಿಸಿದ ಮೇಲೆ ಎ ಪಾಸಿಟಿವ್, ಬಿ ಪಾಸಿಟಿವ್ ಬಂದವು. ಓ ಪಾಸಿಟಿವ್ ಮಾತ್ರ ಬೆರಳೆಣಿಕೆ. ಎಬಿ ಗುಂಪಿನವರು ರಾಶಿ ರಾಶಿ.

"ಇದು ಹೆಂಗ ಸಾಧ್ಯ? ನಾಕರಾಗ ಎಬಿನ ಎಲ್ಲಕ್ಕಿಂತ ಕಡಿಮಿ ಇರೋದು" ಅಂದಳು ಮುದ್ದೇಬಿಹಾಳದಾಕಿ. ತನ್ನ ಹೆಸರು ತೆಗೆದು ನೋಡಿದಳು. ಮೊದಲ ವರ್ಷ ಶಿಬಿರದಲ್ಲಿ ರಕ್ತ ಕೊಟ್ಟಿದ್ದಳು, ಓ ಪಾಸಿಟಿವ್ ಅಂತ ಕಾರ್ಡೂ ಇದೆ. ಸೈಟು ಅವಳನ್ನು ಎಬಿ ಪಾಸಿಟಿವ್ ಅಂತು.

ಎಂಟಿಟಿ ಕ್ಲಾಸ್ ತೆಗೆದೆವು. ರಕ್ತದ ಗುಂಪು ಒಂದು ಈನಮ್. ಜೆಪಿಎ ಈನಮ್ಮನ್ನು ಹೇಗೆ ಉಳಿಸಬೇಕು ಅಂತ ನೀವು ಹೇಳದಿದ್ದರೆ ಹೆಸರು ಉಳಿಸಲ್ಲ, ಸರದಿಯ ನಂಬರ್ ಉಳಿಸುತ್ತೆ, ಸೊನ್ನೆಯಿಂದ. ಶುರುವಿನಲ್ಲಿ ಪಟ್ಟಿ ಎ, ಬಿ, ಓ ಅಂತ ಇತ್ತು, ಪ್ರತಿಯೊಂದಕ್ಕೂ ಪಾಸಿಟಿವ್ ನೆಗೆಟಿವ್. ಓ ಪಾಸಿಟಿವ್ 4, ಓ ನೆಗೆಟಿವ್ 5. ಆಮೇಲೆ ಯಾರೋ ಎಬಿ ಬಿಟ್ಟುಹೋಗಿದೆ ಅಂತ ನೋಡಿ, ಪುಸ್ತಕದಲ್ಲಿರುವ ಹಾಗೆ ಚೆಂದ ಕಾಣಲಿ ಅಂತ ಬಿ ಮತ್ತು ಓ ನಡುವೆ ಸೇರಿಸಿದ್ದಾರೆ. ಆ ಕ್ಷಣದಿಂದ 4 ಅಂದ್ರೆ ಎಬಿ ಪಾಸಿಟಿವ್, 5 ಅಂದ್ರೆ ಎಬಿ ನೆಗೆಟಿವ್. ಡೇಟಾಬೇಸಿನಲ್ಲಿ ಒಂದು ಅಂಕಿಯೂ ಬದಲಾಗಿಲ್ಲ. ಎಲ್ಲ ಓ ಗುಂಪಿನವರ ರಕ್ತ ಮಾತ್ರ ಬದಲಾಗಿಬಿಟ್ಟಿದೆ. ಕೆಂಪು ರಕ್ತಕಣ ಕೊಡುವ ಲೆಕ್ಕದಲ್ಲಿ ಎಲ್ಲರಿಗೂ ಆಗುವುದು ಓ ನೆಗೆಟಿವ್. ಎಲ್ಲರಿಂದಲೂ ತೆಗೆದುಕೊಳ್ಳಬಲ್ಲದ್ದು ಎಬಿ ಪಾಸಿಟಿವ್. ಕೊಡುವವರನ್ನೆಲ್ಲ ತೆಗೆದುಕೊಳ್ಳುವವರ ಸಾಲಿನಲ್ಲಿ ನಿಲ್ಲಿಸಿದಂಗಾಯ್ತು.

ಗಾಬರಿಯಾಗಬೇಡಿ. ರಕ್ತನಿಧಿಯವರು ಯಾವ ವೆಬ್‌ಸೈಟನ್ನೂ ನಂಬಲ್ಲ. ಗುಂಪು ಮತ್ತೆ ಪರೀಕ್ಷಿಸಿ, ಕ್ರಾಸ್ ಮ್ಯಾಚ್ ಮಾಡಿಯೇ ಕೊಡೋದು. ಹೋಗೋದು ಹೊತ್ತು. ತಾಳಿಕೋಟೆಯಿಂದ ಬಸ್ ಹತ್ತಿ ಬಂದವನಿಗೆ ವಿಜಯಪುರದಲ್ಲಿ "ನಿಮ್ಮದು ಎಬಿ ಅಲ್ರೀ, ಓ" ಅಂದ್ರೆ, ಒಳಗೆ ಮಲಗಿದವರ ಮನೆಯವರು ಮತ್ತೆ ಮೊದಲಿನಿಂದ ಫೋನ್ ಹಚ್ಚಬೇಕು. ಓ ಬೇಕಾದವರಿಗೆ ಇದೇ ಪಟ್ಟಿ ಯಾರೂ ಇಲ್ಲ ಅನ್ನುತ್ತೆ.

ಈನಮ್ಮನ್ನು ಹೆಸರಿನಿಂದ ಉಳಿಸುವ ಹಾಗೆ ಬದಲಿಸೋದು ಐದು ನಿಮಿಷದ ಕೆಲಸ. ಹಳೇ ಸಾಲುಗಳದೇ ಕಷ್ಟ. ಒಂದೇ ಕಾಲಮ್ಮಿನಲ್ಲಿ ಕೆಲವು 4 ಹಳೇ ಓ ಪಾಸಿಟಿವ್, ಕೆಲವು 4 ಹೊಸ ಎಬಿ ಪಾಸಿಟಿವ್. ಗಿಟ್ ಲಾಗಿನಲ್ಲಿ ಎಬಿ ಸೇರಿಸಿದ ದಿನ ಸಿಕ್ಕಿತು, ಆದರೆ ದಾನಿಗಳ ಟೇಬಲ್ಲಿನಲ್ಲಿ ತಾರೀಖಿನ ಕಾಲಮ್ಮೇ ಇಲ್ಲ. ಐಡಿ ನೋಡಿ ಹಿಂದಿನದು ಮುಂದಿನದು ಅಂತ ಬೇರೆ ಮಾಡಬಹುದು ಅಂತ ಬಾಗೇವಾಡಿಯವ ಅಂದ. ಆಮೇಲೆ ಅವನೇ, "ನಡುವ ಯಾರರ ತಮ್ಮ ಗುಂಪು ತಪ್ಪೈತಿ ಅಂತ ನೋಡಿ ತಿದ್ದಿಕೊಂಡಿದ್ರ?" ಅಂದ. ತಿದ್ದಿಕೊಂಡವರ ಐಡಿ ಹಳೇದು, ನಂಬರ್ ಹೊಸದು. ಎಕ್ಸೆಲ್ ಶೀಟಿನಲ್ಲಿ ಗುಂಪು ಬರೆದಿರಲಿಲ್ಲ. ಯಾವ ಕ್ವೆರಿಗೂ ಇದು ಬಗೆಹರಿಯಲ್ಲ. ಕೇಳಬೇಕು.

ಹಾಗಾಗಿ 4 ಮತ್ತು 5 ಇದ್ದ ಸಾಲನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಇಳಿಸಿ, ತಾಲ್ಲೂಕುವಾರು ಹಂಚಿಕೊಂಡು, ಸಂಜೆ ಹೊತ್ತು ಫೋನ್ ಹಚ್ಚಿದೆವು. "ನಿಮ್ಮ ರಕ್ತದ ಗುಂಪು ಯಾವುದ್ರೀ" ಅಂತ ಗುರುತಿಲ್ಲದವರು ಕೇಳಿದರೆ ಯಾರು ಹೇಳ್ತಾರೆ? "ಓಟಿಪಿ ಕೇಳಾಂವ ಏನಪಾ ನೀ?" ಅಂತ ಚಡಚಣದ ಕಡೆಯ ಒಬ್ಬರು ಇಟ್ಟುಬಿಟ್ಟರು. ಹಳೇ ವಿದ್ಯಾರ್ಥಿಯೊಬ್ಬರ ತಾಯಿ ಫೋನ್ ಎತ್ತಿ, "ಮಗ ಪುಣೆದಾಗ ಅದಾನ, ರಕ್ತ ಬೇಕಾಗೇದೇನಪ್ಪಾ? ಕಳಸ್ಲೇನು?" ಅಂದರು. ಇಲ್ಲವ್ವಾ, ಬರೇ ಪಟ್ಟಿ ಸರಿ ಮಾಡಾಕತ್ತೀವಿ ಅಂದೆವು. ಊಟ ಆಯ್ತಾ ಅಂತ ಕೇಳಿಯೇ ಇಟ್ಟರು.

ಡೆಮೊ ದಿನ ಗೈಡ್ ಸರ್ ಪರದೆ ನೋಡಿ, "ಇಷ್ಟ್ ಮಂದಿ ಮುಂದ 'ಖಚಿತವಿಲ್ಲ' ಅಂತ ಯಾಕ ಐತಿ? ಖಾಲಿ ಕಾಣ್ತದಲ್ಲ" ಅಂದರು. ಸಿಗದವರ ಗುಂಪನ್ನು ನಾವು ಊಹಿಸಿ ತುಂಬಿರಲಿಲ್ಲ. ಕಾರಣ ಹೇಳಿದೆವು. ಅವರು ಸ್ವಲ್ಪ ಹೊತ್ತು ನೋಡಿ, ತಮ್ಮ ಹೆಸರು ಹುಡುಕಿಸಿದರು. ಅದರ ಮುಂದೆಯೂ ಖಚಿತವಿಲ್ಲ ಅಂತ್ಲೇ ಇತ್ತು. ಜೇಬಿನಿಂದ ಪರ್ಸ್ ತೆಗೆದು ಕಾರ್ಡ್ ನೋಡಿ, "ಓ ಪಾಸಿಟಿವ್, ಬರ್ಕೋರಿ" ಅಂದರು.

ಇನ್ನೂ ಹನ್ನೊಂದು ನಂಬರ್ ಹತ್ತಿಲ್ಲ. ಐದು ತಾಳಿಕೋಟೆ ಕಡೆಯವು, ಮೂರು ನಿಡಗುಂದಿ, ಎರಡು ದೇವರ ಹಿಪ್ಪರಗಿ, ಒಂದು ಇಂಡಿ. ಆ ಶಿಬಿರದಲ್ಲಿ ರಕ್ತ ಕೊಟ್ಟು ಆಮೇಲೆ ನಂಬರ್ ಬದಲಿಸಿದವರು ನಿಮ್ಮ ಊರಲ್ಲಿ ಇದ್ದರೆ, ಕಾರ್ಡ್ ತರಲು ಹೇಳಿ. ನೋಟ್‌ಬುಕ್ ಸಂಜೆ 5ರ ಮೇಲೆ ಲ್ಯಾಬಿನಲ್ಲೇ ಇರುತ್ತೆ.