ಅಣ್ಣನ ನೋಟ್‌ಬುಕ್ ಮತ್ತು ‘ಇಲ್‌ಮ್ಯಾಟಿಕ್’

ನಮ್ಮ ಸಂಬಂಧಿಕರಲ್ಲಿ ಅಣ್ಣನಿಗೆ ಒಂದು ಬಿರುದು ಇದೆ: ‘ಎಸ್ಸೆಸ್ಸೆಲ್ಸಿ ಫೇಲ್’. ಎರಡು ಸಲ ಬರೆದರೂ ಇಂಗ್ಲಿಷ್‌ನಲ್ಲಿ ಪಾಸಾಗಲಿಲ್ಲ. ಮೂರನೇ ಸಲ ಪರೀಕ್ಷೆಗೆ ಕೂರಲಿಲ್ಲ. ಬಂದರಿನಲ್ಲಿ ಐಸ್ ಹೊತ್ತ, ಮೊಬೈಲ್ ಅಂಗಡಿಯಲ್ಲಿ ನಿಂತ, ಆಮೇಲೆ ದಮ್ಮಾಮ್‌ಗೆ ಹೋದ. ಈಗ ಅಲ್ಲಿ ಒಂದು ಸೂಪರ್ ಮಾರ್ಕೆಟ್‌ನಲ್ಲಿ ಕೆಲಸ. ನಾನು ಈ ಕಾಲೇಜಿಗೆ ಕಟ್ಟುವ ಫೀಸು ಅವನ ಸಂಬಳದಿಂದ ಬರುತ್ತದೆ. ಆದರೂ ಅವನು ವಾಟ್ಸ್‌ಆ್ಯಪ್‌ನಲ್ಲಿ ಏನಾದರೂ ಕೇಳಿದರೆ ನಾನು ‘ಹೂಂ’, ‘ಸರಿ’ ಎಂದು ಬರೆದು ಮುಗಿಸುತ್ತಿದ್ದೆ. ಓದಿಲ್ಲದವನ ಜೊತೆ ಏನು ಮಾತು ಎಂಬ ಗರ್ವ ನನ್ನಲ್ಲಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದು ನಿಜ.

ಕಳೆದ ದಸರಾ ರಜೆಯಲ್ಲಿ ಅಟ್ಟ ಗುಡಿಸುವಾಗ ಅವನ ಹಳೆಯ ನೋಟ್‌ಬುಕ್ ಒಂದು ಸಿಕ್ಕಿತು. ಪುಟದ ಎಡಕ್ಕೆ ಇಂಗ್ಲಿಷ್ ಪದಗಳು, ಬಲಕ್ಕೆ ಕನ್ನಡದಲ್ಲಿ ಅರ್ಥ. ಕನ್ನಡ ಹೊಳೆಯದ ಕಡೆ ಬ್ಯಾರಿ. ಪ್ರಾಸ ಕೂಡುವ ಪದಗಳ ಕೆಳಗೆ ಕೆಂಪು ಗೆರೆ. ಮೊದಲ ಪುಟದ ತುದಿಯಲ್ಲಿ ದೊಡ್ಡದಾಗಿ ‘ನಾಸ್ - ಇಲ್‌ಮ್ಯಾಟಿಕ್’ ಎಂದು ಬರೆದಿದ್ದ. ರಾತ್ರಿ ಅವನು ಇಯರ್‌ಫೋನ್ ಹಾಕಿ ತಲೆ ಆಡಿಸುತ್ತಿದ್ದುದೂ, ಉಮ್ಮ ಬೈಯುತ್ತಿದ್ದುದೂ ನೆನಪಾಯಿತು. ಇಂಗ್ಲಿಷ್‌ನಲ್ಲಿ ಫೇಲಾದ ಹುಡುಗ ಹಾಡು ಕೇಳಿ ಕೇಳಿ ಇಂಗ್ಲಿಷ್ ಕಲಿಯುತ್ತಿದ್ದ. ನಮಗೆ ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಆಗ ನಾನೂ ಆ ಆಲ್ಬಮ್ ಹುಡುಕಿದೆ.

ನಾಸ್‌ನ ಪೂರ್ಣ ಹೆಸರು ನಾಸಿರ್ ಜೋನ್ಸ್. ನಾಸಿರ್ ಎಂದರೆ ಸಹಾಯ ಮಾಡುವವನು. ನಮ್ಮ ಹಾಜರಿ ಪುಸ್ತಕದಲ್ಲೂ ಇರುವ ಹೆಸರು. ಅವನು ಹುಟ್ಟಿದ್ದು 1973ರಲ್ಲಿ, ಬೆಳೆದದ್ದು ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಜ್‌ನಲ್ಲಿ. ಅದು ಬಡವರಿಗಾಗಿ ಸರ್ಕಾರ ಕಟ್ಟಿಸಿದ ವಸತಿ ಸಮುಚ್ಚಯ; 3,000ಕ್ಕೂ ಹೆಚ್ಚು ಮನೆಗಳಿವೆ. ಎಂಟನೇ ತರಗತಿಯ ನಂತರ ನಾಸ್ ಶಾಲೆ ಬಿಟ್ಟ. ಮನೆಯಲ್ಲೇ ಓದಿಕೊಂಡ, ನೋಟ್‌ಬುಕ್ ತುಂಬ ಬರೆದ. ಮೇಲಿನ ಮನೆಯಲ್ಲಿದ್ದ ಗೆಳೆಯ ‘ಇಲ್ ವಿಲ್’ ಜೊತೆ ಹಾಡು ಕಟ್ಟಲು ಕಲಿತ. 1992ರಲ್ಲಿ ಆ ಗೆಳೆಯನನ್ನು ಯಾರೋ ಗುಂಡಿಟ್ಟು ಕೊಂದರು. ಅದೇ ರಾತ್ರಿ ನಾಸ್‌ನ ತಮ್ಮನಿಗೂ ಗುಂಡು ತಗುಲಿತು, ಅವನು ಬದುಕಿಕೊಂಡ. ಎರಡು ವರ್ಷದ ನಂತರ ಬಂದ ಆಲ್ಬಮ್ ಕೇಳುವಾಗ ಇದು ತಲೆಯಲ್ಲಿರಬೇಕು.

ಒಂದು ದೊಡ್ಡ ಕಂಪನಿ ಅವನನ್ನು ಬೇಡ ಎಂದಿತು. ಕೊಲಂಬಿಯಾ ರೆಕಾರ್ಡ್ಸ್ ಒಪ್ಪಿಕೊಂಡಿತು. ಆ ಕಾಲದಲ್ಲಿ ರ‍್ಯಾಪ್ ಆಲ್ಬಮ್‌ಗೆ ಸಾಮಾನ್ಯವಾಗಿ ಒಬ್ಬ ನಿರ್ಮಾಪಕ ಅಥವಾ ಒಂದೇ ತಂಡ ಸಂಗೀತ ಕೊಡುತ್ತಿತ್ತು. ಇಲ್ಲಿ ಡಿಜೆ ಪ್ರೀಮಿಯರ್, ಪೀಟ್ ರಾಕ್, ಕ್ಯೂ-ಟಿಪ್, ಲಾರ್ಜ್ ಪ್ರೊಫೆಸರ್, ಎಲ್.ಇ.ಎಸ್. ಎಂಬ ಐವರು ಸೇರಿದರು. ಇವರು ಹೊಸದಾಗಿ ವಾದ್ಯ ನುಡಿಸುವುದಕ್ಕಿಂತ ಹಳೆಯ ರೆಕಾರ್ಡಿನಿಂದ ಕೆಲವು ಸೆಕೆಂಡಿನ ತುಣುಕನ್ನು ಎತ್ತಿ, ಯಂತ್ರದಲ್ಲಿ ಹಾಕಿ, ಮತ್ತೆ ಮತ್ತೆ ತಿರುಗಿಸುತ್ತಾರೆ. ಇದಕ್ಕೆ ಸ್ಯಾಂಪ್ಲಿಂಗ್ ಎನ್ನುತ್ತಾರೆ. ಪೀಟ್ ರಾಕ್ ಎತ್ತಿಕೊಂಡದ್ದು ಜಾಝ್ ಪಿಯಾನೋ ವಾದಕ ಅಹ್ಮದ್ ಜಮಾಲ್ ನುಡಿಸಿದ ತುಣುಕು. ಹಳೆ ಬಟ್ಟೆಯ ಚೂರುಗಳನ್ನು ಹೊಲಿದು ನನ್ನ ಅಜ್ಜಿ ಕೌದಿ ಮಾಡುತ್ತಿದ್ದರು; ಕೇಳುವಾಗ ನನಗೆ ಅದೇ ನೆನಪಾಯಿತು. ಒಂದು ಹಾಡಿನ ಕೊನೆಗೆ ನಾಸ್‌ನ ತಂದೆ ಓಲು ದಾರಾ ಸ್ವತಃ ಕಾರ್ನೆಟ್ ಎಂಬ ತುತ್ತೂರಿ ನುಡಿಸಿದ್ದಾರೆ. ಮನೆ ಬಿಟ್ಟು ಬೇರೆ ಇದ್ದ ತಂದೆ ಮಗನ ಹಾಡಿಗೆ ಬಂದು ಊದಿದ್ದು ಅದು. ‘ಎನ್.ವೈ. ಸ್ಟೇಟ್ ಆಫ್ ಮೈಂಡ್’ ಹಾಡಿನ ಮೊದಲ ಭಾಗವನ್ನು ನಾಸ್ ಒಂದೇ ಸಲಕ್ಕೆ ಹೇಳಿ ಮುಗಿಸಿದ ಎಂದು ಪ್ರೀಮಿಯರ್ ಹೇಳಿದ್ದಾರೆ.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಈ ಆಲ್ಬಮ್‌ನಲ್ಲಿ ಬೈಗುಳ ಇದೆ, ಮಾದಕ ವಸ್ತುಗಳ ಮಾತಿದೆ, ಬಂದೂಕು ಇದೆ. ಮನೆಯವರ ಮುಂದೆ ಕೂತು ಕೇಳುವಂಥದ್ದಲ್ಲ. ನಾನು ಎಲ್ಲರೂ ಕೇಳಿ ಎಂದು ಹೇಳುತ್ತಿಲ್ಲ. ಆದರೆ ಅಣ್ಣನ ನೋಟ್‌ಬುಕ್‌ನಲ್ಲಿ ಅತಿ ಹೆಚ್ಚು ಪುಟ ತುಂಬಿದ್ದು ‘ಒನ್ ಲವ್’ ಎಂಬ ಹಾಡಿಗೆ. ಅದು ಜೈಲಿನಲ್ಲಿರುವ ಗೆಳೆಯರಿಗೆ ಬರೆದ ಪತ್ರಗಳ ರೂಪದಲ್ಲಿದೆ. ನಿನ್ನ ಮಗು ಹುಟ್ಟಿದೆ, ಇಂಥವರು ನಿನ್ನನ್ನು ಮರೆತಿದ್ದಾರೆ, ಬೀದಿಯಲ್ಲಿ ಹೀಗೆಲ್ಲ ಆಯಿತು ಎಂದು ಊರಿನ ಸುದ್ದಿ ಹೇಳುತ್ತಾ ಹೋಗುತ್ತಾನೆ. ಕೊನೆಗೆ ಬೆಂಚಿನ ಮೇಲೆ ಕೂತು, ತಪ್ಪು ದಾರಿ ಹಿಡಿದಿರುವ 12 ವರ್ಷದ ಹುಡುಗನಿಗೆ ಬುದ್ಧಿ ಹೇಳುತ್ತಾನೆ. ಆ ಪುಟದ ಅಂಚಿನಲ್ಲಿ ಅಣ್ಣ ಪೆನ್ಸಿಲಿನಲ್ಲಿ ಬರೆದಿದ್ದ: ‘ದೂರ ಇರುವವನಿಗೆ ಊರಿನ ಸುದ್ದಿಯೇ ಊಟ.’ ದಮ್ಮಾಮ್‌ಗೆ ಹೋಗುವ ಎಷ್ಟೋ ಮೊದಲು ಬರೆದದ್ದು. ನಾನು ಅವನಿಗೆ ಎರಡು ವರ್ಷದಿಂದ ಕಳಿಸುತ್ತಿದ್ದುದು ‘ಹೂಂ’ ಮತ್ತು ‘ಸರಿ’.

‘ಇಲ್‌ಮ್ಯಾಟಿಕ್’ 1994ರ ಏಪ್ರಿಲ್ 19ರಂದು ಬಂತು. ಹತ್ತು ಟ್ರ್ಯಾಕ್, ಸುಮಾರು 40 ನಿಮಿಷ. ಮುಖಪುಟದಲ್ಲಿ ಏಳು ವರ್ಷದ ನಾಸ್‌ನ ಮುಖ, ಅದರೊಳಗೆ ಬೆರೆತ ಅವನ ಬೀದಿ. ‘ದಿ ಸೋರ್ಸ್’ ಎಂಬ ಹಿಪ್ ಹಾಪ್ ಪತ್ರಿಕೆ ಐದಕ್ಕೆ ಐದು ಮೈಕ್ ಕೊಟ್ಟಿತು. ಹೊಸಬರಿಗೆ ಅಷ್ಟು ಅಂಕ ಸಿಗುವುದು ಅಪರೂಪ. ಆದರೆ ಮಾರಾಟ ಕಂಪನಿ ನಿರೀಕ್ಷಿಸಿದಷ್ಟು ಆಗಲಿಲ್ಲ. ಬಿಲ್‌ಬೋರ್ಡ್ ಪಟ್ಟಿಯಲ್ಲಿ 12ನೇ ಸ್ಥಾನದಲ್ಲಿ ಶುರುವಾಯಿತು. ಬಿಡುಗಡೆಗೆ ಮೊದಲೇ ಕಳ್ಳ ಕ್ಯಾಸೆಟ್‌ಗಳು ಬೀದಿಗೆ ಬಂದಿದ್ದವು. ಐದು ಲಕ್ಷ ಪ್ರತಿಗಳ ‘ಗೋಲ್ಡ್’ ಮಾನ್ಯತೆ ಸಿಕ್ಕಿದ್ದು 1996ರಲ್ಲಿ, ಹತ್ತು ಲಕ್ಷದ ‘ಪ್ಲಾಟಿನಂ’ 2001ರಲ್ಲಿ. 2013ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಅವನ ಹೆಸರಿನಲ್ಲಿ ಒಂದು ಫೆಲೋಶಿಪ್ ಆರಂಭಿಸಿತು. 2021ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಕಾಪಾಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಈ ಆಲ್ಬಮ್ ಸೇರಿಸಿತು. ಶಾಲೆ ಬಿಟ್ಟವನ ಹೆಸರು ಹಾರ್ವರ್ಡ್‌ಗೆ ಮುಟ್ಟಲು ಸುಮಾರು ಇಪ್ಪತ್ತು ವರ್ಷ ಬೇಕಾಯಿತು. ಮೊದಲ ವಾರದ ಲೆಕ್ಕ ನೋಡಿದವರಿಗೆ ಇದು ಕಂಡಿರಲಿಕ್ಕಿಲ್ಲ. ನಾವೂ ಅಣ್ಣನ ವಿಷಯದಲ್ಲಿ ರಿಸಲ್ಟ್ ಬಂದ ದಿನದ ಲೆಕ್ಕವನ್ನೇ ಹಿಡಿದು ಕೂತಿದ್ದೆವು.

ಶಾಲೆ ಬಿಡುವುದು ಒಳ್ಳೆಯದು ಎಂದು ಯಾರೂ ಅರ್ಥ ಮಾಡಿಕೊಳ್ಳಬೇಡಿ. ನಾಸ್ ಬೆಳೆದ ಬೀದಿಯಲ್ಲಿ ಶಾಲೆ ಬಿಟ್ಟ ಎಲ್ಲರೂ ನಾಸ್ ಆಗಲಿಲ್ಲ. ‘ಒನ್ ಲವ್’ ಹಾಡಿರುವುದೇ ಆಗದವರ ಬಗ್ಗೆ.

ರಜೆ ಮುಗಿದ ಮೇಲೆ ನೋಟ್‌ಬುಕ್ ಅನ್ನು ನಮ್ಮ ಇಂಗ್ಲಿಷ್ ಮೇಡಂಗೆ ತೋರಿಸಿದೆ. ಅವರು ಸುಮಾರು ಹೊತ್ತು ಪುಟ ತಿರುವಿದರು. ‘ಇವನು ಇಂಗ್ಲಿಷ್‌ನಲ್ಲಿ ಯಾಕೆ ಫೇಲಾದ?’ ಎಂದು ನನ್ನನ್ನೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಅಂದು ರಾತ್ರಿ ಅಣ್ಣನಿಗೆ ಮೊದಲ ಸಲ ಉದ್ದದ ವಾಯ್ಸ್ ಮೆಸೇಜ್ ಕಳಿಸಿದೆ, ಬ್ಯಾರಿಯಲ್ಲಿ. ಬಾವಿಕಟ್ಟೆ ಹತ್ತಿರದ ಹಲಸಿನ ಮರ ಗಾಳಿಗೆ ಬಿದ್ದದ್ದು, ಪಕ್ಕದ ಮನೆಯ ಮದುವೆ ನಿಶ್ಚಯವಾದದ್ದು, ಉಮ್ಮನ ಮೊಣಕಾಲು ನೋವು, ನನ್ನ ಅಕೌಂಟೆನ್ಸಿ ಅಂಕ ಎಲ್ಲ ಹೇಳಿದೆ. ನೋಟ್‌ಬುಕ್ ಸಿಕ್ಕಿದ್ದನ್ನೂ ಹೇಳಿದೆ. ಅವನು ನಗುತ್ತಾ ಉತ್ತರ ಕಳಿಸಿದ: ‘ಅದನ್ನು ಬಿಸಾಡಲಿಲ್ಲವಾ ಮಾರಾಯ? ಮರದ ವಿಷಯ ಇನ್ನೊಮ್ಮೆ ಹೇಳು.’ ಎಸ್ಸೆಸ್ಸೆಲ್ಸಿ ಮತ್ತೆ ಬರೆಯುತ್ತೀಯಾ ಎಂದು ಕೇಳಿದ್ದಕ್ಕೆ ಮಾತ್ರ ಇನ್ನೂ ಉತ್ತರ ಕೊಟ್ಟಿಲ್ಲ.

ಈಗ ಪ್ರತಿ ಗುರುವಾರ ರಾತ್ರಿ ಸುದ್ದಿ ಕಳಿಸುತ್ತೇನೆ. ಉಪ್ಪ ಪಕ್ಕದಲ್ಲಿ ಕೂತು ಕೇಳುತ್ತಿರುತ್ತಾರೆ, ಮಾತಾಡುವುದಿಲ್ಲ. ಕಳೆದ ವಾರ ನಾನು ಮುಗಿಸುವ ಹೊತ್ತಿಗೆ ಮೊಬೈಲ್ ಕೊಡು ಎಂದು ಕೈ ಚಾಚಿದರು. ಗಂಟಲು ಸರಿ ಮಾಡಿಕೊಂಡು, ‘ಮಗಾ, ಸಮಯಕ್ಕೆ ಊಟ ಮಾಡು’ ಎಂದರು. ಅಷ್ಟೇ. ಅಣ್ಣ ಆ ಮೆಸೇಜ್ ಅನ್ನು ಅಳಿಸದೆ ಇಟ್ಟುಕೊಂಡಿದ್ದಾನಂತೆ.

- ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ