ತುರ್ವಿಹಾಳದ ಬಿಸಿಲಿಗೆ ಬಂದ ಹಿಮದ ಚಾಂಪಿಯನ್ನರು

ರಾಯಚೂರು ಜಿಲ್ಲೆ ಸಿಂಧನೂರು ತಾಲ್ಲೂಕಿನ ತುರ್ವಿಹಾಳಕ್ಕೆ ಬೇಸಿಗೆಯಲ್ಲಿ ಹೋದವರು ಮೊದಲು ಹುಡುಕುವುದು ನೆರಳನ್ನು. ಏಪ್ರಿಲ್, ಮೇ ತಿಂಗಳಲ್ಲಿ ಈ ಸೀಮೆಯ ಬಿಸಿಲು 40 ಡಿಗ್ರಿ ದಾಟುವುದು ಹೊಸ ಸಂಗತಿಯೇನಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಕಡೆ ಭತ್ತದ ಹಸಿರು, ಹರಿಯದ ಕಡೆ ಬಿರುಕು ಬಿಟ್ಟ ಎರೆ ಭೂಮಿ. ಚಳಿಗಾಲವೆಂದರೆ ಡಿಸೆಂಬರ್, ಜನವರಿಯ ಬೆಳಗಿನ ಹೊತ್ತು ಅಷ್ಟೇ. ಕೌದಿ ಹೊದ್ದು ಕೂತ ಅಜ್ಜಿ ಬಿಸಿಲೇರುತ್ತಲೇ ಅದನ್ನು ಮಡಚಿ ಇಡುತ್ತಾಳೆ. ಆಕಾಶದಿಂದ ಬೀಳುವ ಮಂಜುಗಡ್ಡೆ ಎಂದರೆ ಇಲ್ಲಿಯವರಿಗೆ ಗೊತ್ತಿರುವುದು ಆಣೆಕಲ್ಲು ಒಂದೇ. ಅದೂ ಯಾವಾಗಲೋ ಒಮ್ಮೆ. ಮಕ್ಕಳು ಆರಿಸಿ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಕರಗಿಹೋಗುತ್ತದೆ.

ಇಂಥ ಸೀಮೆಗೂ ಹಿಮದ ಆಟಗಾರರು ಬರುತ್ತಿದ್ದರು. ಟಿ.ವಿ., ಮೊಬೈಲು ಇಲ್ಲದ ಕಾಲದಲ್ಲಿ ಅವರು ಹತ್ತಿ ಬರುತ್ತಿದ್ದ ಗಾಡಿ ಅಂಚೆಚೀಟಿ. ಊರಿನಿಂದ ಊರಿಗೆ ಕೈಬದಲಾಗುತ್ತಾ ಬಂದ ಆ ಪುಟ್ಟ ಕಾಗದದ ಚೂರುಗಳು ಹಳೆಯ ಆಲ್ಬಮ್ಮುಗಳಲ್ಲಿ, ಟ್ರಂಕಿನ ತಳದಲ್ಲಿ ಇನ್ನೂ ಇರಬಹುದು.

ಅಂಚೆಚೀಟಿ ಎಂದರೆ ಬರೀ ಟಪಾಲು ಖರ್ಚಿನ ರಸೀದಿಯಲ್ಲ. ಒಂದು ನಾಡು ತನ್ನ ಹೆಮ್ಮೆ ಯಾವುದು ಎಂದು ಲೋಕಕ್ಕೆ ಹೇಳುವ ಬಗೆ ಅದು. ತುರ್ವಿಹಾಳದ ಸುತ್ತಲಿನ ಊರುಗಳಿಗೆ ಇದು ಚೆನ್ನಾಗಿ ಗೊತ್ತು. 1956ಕ್ಕೆ ಮೊದಲು ಈ ಸೀಮೆ ಹೈದರಾಬಾದಿಗೆ ಸೇರಿತ್ತು. ನಿಜಾಮರ ಸರ್ಕಾರ 1869ರಿಂದಲೇ ತನ್ನದೇ ಅಂಚೆಚೀಟಿ ಅಚ್ಚು ಹಾಕಿಸುತ್ತಿತ್ತು. 1931ರ ಸರಣಿಯಲ್ಲಿ ಚಾರ್‌ಮಿನಾರ್ ಜೊತೆಗೆ, 12 ಆಣೆಯ ಚೀಟಿಯ ಮೇಲೆ ನಮ್ಮ ಬೀದರಿನ ಮಹಮೂದ್ ಗವಾನ್ ಮದರಸಾ ಕೂಡ ಇತ್ತು. ಇನ್ನು ಪಕ್ಕದ ಮಸ್ಕಿಗೆ ಹೋದರೆ, 1915ರಲ್ಲಿ ಪತ್ತೆಯಾದ ಬಂಡೆ ಶಾಸನ ಇದೆ. ಅದರಲ್ಲಿ ಅಶೋಕನ ಹೆಸರೇ ಕೊರೆದಿದೆ. ಅದೂ ಒಂದು ರೀತಿಯ ಟಪಾಲು, ಕಲ್ಲಿನ ಮೇಲೆ ಬರೆದದ್ದು! ಅದೇ ಅಶೋಕನ ಸಿಂಹಸ್ತಂಭದ ಚಿತ್ರ 1947ರ ಡಿಸೆಂಬರ್ 15ರಂದು ಸ್ವತಂತ್ರ ಭಾರತದ ಒಂದೂವರೆ ಆಣೆಯ ಅಂಚೆಚೀಟಿಯಾಗಿ ಹೊರಬಂತು.

ಹಾಗಾದರೆ ಹಿಮದ ನಾಡುಗಳು ತಮ್ಮ ಹೆಮ್ಮೆಯೆಂದು ಯಾರನ್ನು ಆರಿಸಿದವು? ಒಂದೊಂದಾಗಿ ನೋಡೋಣ.

ಚಳಿಗಾಲದ ಒಲಿಂಪಿಕ್ಸ್ ಶುರುವಾದದ್ದು 1924ರಲ್ಲಿ, ಫ್ರಾನ್ಸಿನ ಶಾಮೋನಿ ಎಂಬಲ್ಲಿ. ಆದರೆ ಈ ಕೂಟದ ಮೊದಲ ಅಂಚೆಚೀಟಿ ಬಂದದ್ದು 1932ರ ಜನವರಿ 25ರಂದು. ಅಮೆರಿಕದ ಲೇಕ್ ಪ್ಲಾಸಿಡ್‌ನಲ್ಲಿ ನಡೆದ ಕೂಟಕ್ಕಾಗಿ ತಂದ ಎರಡು ಸೆಂಟಿನ ಕೆಂಪು ಚೀಟಿ ಅದು. ಕಾಲಿಗೆ ಉದ್ದನೆಯ ಸ್ಕೀ ಕಟ್ಟಿಕೊಂಡ ಒಬ್ಬ ಆಟಗಾರ ಗಾಳಿಯಲ್ಲಿ ಹಾರುತ್ತಿದ್ದಾನೆ.

"ತಾತ, ಇವ ಕಾಲಿಗೆ ಹಲಗಿ ಕಟ್ಕೊಂಡು ಯಾಕ ಹಾರಾಕತ್ತಾನ?" ಎಂದು ಮೊಮ್ಮಗ ಕೇಳಿದರೆ ತಾತ ಗದ್ದೆ ಕಡೆ ಕೈ ತೋರಿಸಬಹುದು. ನಾಟಿಗೆ ಮೊದಲು ಕೆಸರು ಗದ್ದೆಯನ್ನು ಮಟ್ಟ ಮಾಡಲು ಎತ್ತುಗಳಿಗೆ ಹಲಗೆ ಕಟ್ಟಿ, ಅದರ ಮೇಲೆ ನಿಂತು ಸಾಗುವುದನ್ನು ಹಿರಿಯರು ಬಲ್ಲರು. ಬರಿಗಾಲಲ್ಲಿ ನಿಂತರೆ ಮೊಣಕಾಲವರೆಗೆ ಹೂತುಹೋಗುವ ಜಾಗದಲ್ಲಿ ಹಲಗೆಯ ಮೇಲೆ ನಿಂತವನು ಮುಳುಗುವುದಿಲ್ಲ. ಮೈಭಾರ ಹಲಗೆಯ ಉದ್ದಗಲಕ್ಕೂ ಹರಡಿಕೊಳ್ಳುತ್ತದೆ. ಹಿಮದ ಮೇಲೆ ಸ್ಕೀ ಮಾಡುವ ಕೆಲಸವೂ ಇದೇ. ಮೇಲಿಂದ ಹಾರಿದವನು ಸಪಾಟು ನೆಲಕ್ಕೆ ಬೀಳುವುದಿಲ್ಲ, ಇಳಿಜಾರಿನ ಮೇಲೆ ಇಳಿಯುತ್ತಾನೆ. ಆದ್ದರಿಂದ ಪೆಟ್ಟು ಕಡಿಮೆ. ಅಂದಹಾಗೆ ಆ ಚೀಟಿಯಲ್ಲಿ ಒಂದು ತಮಾಷೆಯಿದೆ. ಆಟಗಾರನ ಕೈಯಲ್ಲಿ ಎರಡು ಕೋಲುಗಳಿವೆ. ಆದರೆ ಹಾರುವ ಸ್ಪರ್ಧೆಯಲ್ಲಿ ಕೋಲು ಹಿಡಿಯುವುದೇ ಇಲ್ಲ!

ಆ ಚೀಟಿಯ ಆಟಗಾರನಿಗೆ ಹೆಸರಿಲ್ಲ. ಅದೇ ಲೇಕ್ ಪ್ಲಾಸಿಡ್ ಕೂಟದಲ್ಲಿ ಗೆದ್ದ ಒಬ್ಬರಿಗೆ ಮಾತ್ರ 58 ವರ್ಷಗಳ ನಂತರ ಹೆಸರು ಸಮೇತ ಅಂಚೆಚೀಟಿ ಬಂತು. ಅವರು ಎಡ್ಡಿ ಈಗನ್. 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಅವರು ಬಾಕ್ಸಿಂಗ್ ಚಿನ್ನ ಗೆದ್ದಿದ್ದರು. 12 ವರ್ಷ ಕಳೆದ ಮೇಲೆ ಮಂಜುಗಡ್ಡೆಯ ಕಾಲುವೆಯಂಥ ಹಾದಿಯಲ್ಲಿ ನಾಲ್ವರು ಕೂತು ಜಾರುವ ಬಾಬ್‌ಸ್ಲೆಡ್ ತಂಡದಲ್ಲಿದ್ದು ಮತ್ತೆ ಚಿನ್ನ ಗೆದ್ದರು. ಬೇಸಿಗೆಯ ಕೂಟದಲ್ಲೂ ಚಳಿಗಾಲದ ಕೂಟದಲ್ಲೂ ಬೇರೆ ಬೇರೆ ಆಟಗಳಲ್ಲಿ ಚಿನ್ನ ಗೆದ್ದವರು ಇಂದಿಗೂ ಅವರೊಬ್ಬರೇ. 1990ರಲ್ಲಿ ಅಮೆರಿಕ ತಂದ 25 ಸೆಂಟಿನ ಒಲಿಂಪಿಕ್ ವೀರರ ಸರಣಿಯಲ್ಲಿ ಓಟಗಾರ ಜೆಸ್ಸಿ ಓವೆನ್ಸ್ ಜೊತೆಗೆ ಅವರೂ ಇದ್ದಾರೆ.

ಅದೇ ವರ್ಷ ನಾರ್ವೆ ದೇಶವೂ ತನ್ನ ಹಳೆಯ ಚಾಂಪಿಯನ್ನರ ಚೀಟಿಗಳನ್ನು ತಂದಿತು. ಅದರಲ್ಲಿ ಸೋನಿಯಾ ಹೆನಿ ಇದ್ದಾರೆ. ಮಕ್ಕಳೇ, ಅವರ ಕತೆ ನಿಮಗೆ ಇಷ್ಟವಾಗುತ್ತದೆ. 1924ರಲ್ಲಿ, ಬರೀ 11ನೇ ವಯಸ್ಸಿನಲ್ಲಿ, ಅವರು ಮಂಜಿನ ಮೇಲಿನ ಫಿಗರ್ ಸ್ಕೇಟಿಂಗ್ ಸ್ಪರ್ಧೆಗೆ ಇಳಿದರು. ಬಂದದ್ದು ಕಟ್ಟಕಡೆಯ ಸ್ಥಾನ. ಮುಂದೆ 1928, 1932, 1936, ಮೂರು ಒಲಿಂಪಿಕ್ಸ್‌ಗಳಲ್ಲೂ ಅವರೇ ಮೊದಲು. ವಿಶ್ವ ಚಾಂಪಿಯನ್ ಪಟ್ಟ ಸಾಲಾಗಿ ಹತ್ತು ಬಾರಿ. ಕಡೆಯವಳಾದೆ ಎಂದು ಆ ಹುಡುಗಿ ಸ್ಕೇಟು ಬಿಚ್ಚಿಟ್ಟಿದ್ದರೆ ಆ ಚೀಟಿ ಹುಟ್ಟುತ್ತಲೇ ಇರಲಿಲ್ಲ.

ಈಗ ಒಂದು ವಿಚಿತ್ರ ಕೇಳಿ. ನಮ್ಮ ಹಳೆಯ ಆಲ್ಬಮ್ಮುಗಳಲ್ಲಿ ಹಿಮದ ಚಾಂಪಿಯನ್ನರ ಬಣ್ಣಬಣ್ಣದ ದೊಡ್ಡ ಚೀಟಿ ಸಿಕ್ಕರೆ, ಅದು ಹಿಮದ ನಾಡಿನದ್ದೇ ಆಗಿರಬೇಕೆಂದಿಲ್ಲ. ಅದರ ಮೇಲೆ ಅಜ್ಮಾನ್, ಫುಜೈರಾ, ರಾಸ್ ಅಲ್ ಖೈಮಾ ಎಂಬ ಹೆಸರುಗಳಿರಬಹುದು. ಇವೆಲ್ಲ ಇಂದಿನ ಸಂಯುಕ್ತ ಅರಬ್ ಸಂಸ್ಥಾನದ ಭಾಗಗಳು, ನಮಗಿಂತ ಬಿಸಿಲು ಹೆಚ್ಚಿರುವ ಮರಳುನಾಡು! 1968ರ ಗ್ರೆನೋಬ್ಲ್, 1972ರ ಸಪ್ಪೊರೊ ಕೂಟಗಳ ಹೊತ್ತಿಗೆ ಈ ಪುಟ್ಟ ಸಂಸ್ಥಾನಗಳ ಹೆಸರಿನಲ್ಲಿ ರಾಶಿ ರಾಶಿ ಚೀಟಿಗಳು ಅಚ್ಚಾದವು. ಕಾಗದಕ್ಕೆ ಅಂಟಿಸಲು ಅಲ್ಲ, ಸಂಗ್ರಹಕಾರರಿಗೆ ಮಾರಿ ಹಣ ಮಾಡಲು. ಇಂಥ ಚೀಟಿಯ ಮೂಲೆಯಲ್ಲಿ ಅಂದವಾಗಿ ಒಂದು ಮುದ್ರೆ ಬಿದ್ದಿರುತ್ತದೆ. ತಿರುಗಿಸಿ ನೋಡಿದರೆ ಹಿಂದಿನ ಅಂಟು ಹಾಗೆಯೇ ಇರುತ್ತದೆ. ಮುದ್ರೆ ಬಿದ್ದಿದೆ, ಆದರೆ ಯಾವ ಲಕೋಟೆಗೂ ಅಂಟಿಲ್ಲ! ಇಷ್ಟು ಗಮನಿಸಿದರೆ ನೀವೂ ಪತ್ತೇದಾರರೇ. ಅವುಗಳಿಗೆ ಬೆಲೆ ಹೆಚ್ಚಿಲ್ಲ. ಆದರೂ ಮರಳುನಾಡಿನ ಹೆಸರು ಹೊತ್ತ ಹಿಮದ ಚಿತ್ರ ಎಂಬ ಕಾರಣಕ್ಕೆ ಇಟ್ಟುಕೊಳ್ಳಲು ಚೆಂದ.

ಇಷ್ಟರವರೆಗೆ ಗೆದ್ದವರ ಮಾತಾಯಿತು. ಅಂಚೆಚೀಟಿಗೆ ಏರಲು ಚಿನ್ನದ ಪದಕ ಬೇಕೇ ಬೇಕೆ? ಕೆನಡಾ ದೇಶ 2018ರಲ್ಲಿ ಚಳಿಗಾಲದ ಆಟಗಳ ಮಹಿಳೆಯರಿಗಾಗಿ ತಂದ ಚೀಟಿಗಳಲ್ಲಿ ಇದಕ್ಕೆ ಉತ್ತರವಿದೆ. ಅದರಲ್ಲಿ ಒಲಿಂಪಿಕ್ ಚಿನ್ನ ಗೆದ್ದ ನ್ಯಾನ್ಸಿ ಗ್ರೀನ್ ಇದ್ದಾರೆ. ಗಾಲಿಕುರ್ಚಿಯಲ್ಲಿ ಕೂತು ಮಂಜಿನ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಟದಲ್ಲಿ ಮೂರು ಪ್ಯಾರಾಲಿಂಪಿಕ್ ಚಿನ್ನ ತಂದ ಸೋನಿಯಾ ಗೌಡೆಟ್ ಇದ್ದಾರೆ. ಅವರ ಜೊತೆಗೇ ಶ್ಯಾರನ್ ಮತ್ತು ಶರ್ಲಿ ಫರ್ತ್ ಎಂಬ ಅವಳಿ ಅಕ್ಕತಂಗಿಯರೂ ಇದ್ದಾರೆ.

ಫರ್ತ್ ಸೋದರಿಯರು ಉತ್ತರ ಧ್ರುವದ ದಿಕ್ಕಿಗಿರುವ ಅಕ್ಲಾವಿಕ್ ಎಂಬ ಸಣ್ಣ ಊರಿನವರು, ಗ್ವಿಚಿನ್ ಎಂಬ ಮೂಲನಿವಾಸಿ ಸಮುದಾಯದವರು. ಪಕ್ಕದ ಇನುವಿಕ್ ಊರಿನಲ್ಲಿ ಒಬ್ಬ ಪಾದ್ರಿ ಮೂಲನಿವಾಸಿ ಮಕ್ಕಳಿಗೆ ಸ್ಕೀ ಓಟ ಕಲಿಸತೊಡಗಿದರು. ಅಲ್ಲಿ ಕಲಿತ ಇವರು 1972, 1976, 1980, 1984, ಹೀಗೆ ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಓಡಿದರು. ಒಂದೂ ಒಲಿಂಪಿಕ್ ಪದಕ ಬರಲಿಲ್ಲ. ಆದರೆ ತಮ್ಮ ದೇಶದ ಚಾಂಪಿಯನ್ ಪಟ್ಟವನ್ನು ಮತ್ತೆ ಮತ್ತೆ ಗೆದ್ದರು. ದೂರದ ಸಣ್ಣ ಊರಿನ ಮಕ್ಕಳಿಗೆ "ನಾವೂ ಓಡಬಹುದು" ಎಂಬ ಧೈರ್ಯ ತಂದರು. ಶರ್ಲಿ 2013ರಲ್ಲಿ ತೀರಿಕೊಂಡರು. ಐದು ವರ್ಷದ ಮೇಲೆ ಅಕ್ಕತಂಗಿ ಇಬ್ಬರೂ ಒಂದೇ ಚೀಟಿಯಲ್ಲಿ ಊರೂರು ಸುತ್ತಿದರು. ಗೆದ್ದವರನ್ನಷ್ಟೇ ಅಲ್ಲ, ದಾರಿ ಮಾಡಿಕೊಟ್ಟವರನ್ನೂ ನೆನೆಯುವ ನಾಡು ದೊಡ್ಡದು.

ನಮ್ಮ ದೇಶ? 1953ರ ಅಕ್ಟೋಬರ್ 2ರಂದು ಎವರೆಸ್ಟ್ ಏರಿದ ನೆನಪಿಗೆ ಹಿಮಶಿಖರದ ಚೀಟಿಗಳು ಬಂದವು. ಹಾಕಿಯ ಧ್ಯಾನ್‌ಚಂದ್ ಅವರಿಗೆ 1980ರಲ್ಲಿ ಚೀಟಿ ಬಂತು. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಪದಕ ಇನ್ನೂ ಬಂದಿಲ್ಲ. ಆದರೆ ದಾರಿ ಮಾಡಿಕೊಟ್ಟವರು ನಮ್ಮಲ್ಲೂ ಇದ್ದಾರೆ. 1964ರಲ್ಲಿ ಜೆರೆಮಿ ಬುಜಾಕೋವ್‌ಸ್ಕಿ ಭಾರತದ ಪರವಾಗಿ ಮೊದಲು ಈ ಕೂಟಕ್ಕೆ ಹೋದರು. ಮನಾಲಿಯ ಶಿವ ಕೇಶವನ್ ಜಾರುಗಾಡಿಗೆ ಗಾಲಿ ಕಟ್ಟಿಕೊಂಡು ಬೆಟ್ಟದ ಡಾಂಬರು ರಸ್ತೆಯಲ್ಲಿ ಅಭ್ಯಾಸ ಮಾಡಿ, 1998ರಿಂದ 2018ರವರೆಗೆ ಆರು ಒಲಿಂಪಿಕ್ಸ್‌ಗಳಲ್ಲಿ ಜಾರಿದರು.

ಕನ್ನಡ ನಾಡಿನವರೂ ಹಿಂದೆ ಬಿದ್ದಿಲ್ಲ. ಹಿಮವೇ ಬೀಳದ ಕೊಡಗಿನಲ್ಲಿ ಬೆಳೆದ ಭವಾನಿ ತೆಕ್ಕಡ ನಂಜುಂಡ ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಸ್ಕೀ ಓಟದ ಚಿನ್ನ ತಂದರು. 2025ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋಗಿ, ಅಂತರರಾಷ್ಟ್ರೀಯ ಸ್ಪರ್ಧೆಯ 5 ಕಿ.ಮೀ. ಓಟದಲ್ಲಿ ಕಂಚು ಗೆದ್ದರು. ಒಂದು ದಿನ ಅವರ ಚಿತ್ರವಿರುವ ಚೀಟಿ ತುರ್ವಿಹಾಳದ ಮನೆಬಾಗಿಲಿಗೆ ಬಂದರೆ ಎಷ್ಟು ಚೆಂದ!

ಆದರೆ ಚೀಟಿ ಬರಬೇಕಾದರೆ ಕಾಗದ ಬರಬೇಕು, ಕಾಗದ ಬರಬೇಕಾದರೆ ಯಾರಾದರೂ ಬರೆಯಬೇಕು. ಈಗ ಮನೆಗೆ ಬರುವುದು ಹೆಚ್ಚಾಗಿ ಬ್ಯಾಂಕಿನ, ಕಚೇರಿಯ ಲಕೋಟೆಗಳು. ಅವುಗಳ ಮೇಲೆ ಚೀಟಿಯೇ ಇರುವುದಿಲ್ಲ. ಇದ್ದ ಹಳೆಯವನ್ನು ಗೆದ್ದಲು ತಿನ್ನುತ್ತಿದೆ. ಅದಕ್ಕೇ ತಾತಂದಿರೇ, ಅಜ್ಜಿಯರೇ, ಈ ಬಿಸಿಲುಗಾಲದ ಮಧ್ಯಾಹ್ನ ಒಮ್ಮೆ ಟ್ರಂಕು ತೆಗೆಯಿರಿ. ಹಳೆಯ ಲಕೋಟೆ ಸಿಕ್ಕರೆ ಚೀಟಿಯ ಸುತ್ತ ಒಂದು ಬೆರಳಗಲ ಕಾಗದ ಬಿಟ್ಟು ಮೊಮ್ಮಕ್ಕಳಿಂದ ಕತ್ತರಿಸಿಸಿ. ಉಗುರು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಚೀಟಿ ತಾನಾಗಿ ಕಳಚಿಕೊಳ್ಳುತ್ತದೆ. ಎಳೆಯಬೇಡಿ, ಹರಿಯುತ್ತದೆ. ನೆರಳಲ್ಲಿ ಬಟ್ಟೆಯ ಮೇಲೆ ಆರಿಸಿ, ಆಮೇಲೆ ದಪ್ಪ ಪುಸ್ತಕದ ನಡುವೆ ಒಂದು ದಿನ ಇಡಿ. ಅಂಚಿನ ಹಲ್ಲು ಮುರಿಯದಂತೆ ಚಿಮಟದಿಂದ ಹಿಡಿಯಿರಿ. ಬಣ್ಣ ಬಿಡುವಂತೆ ಕಂಡರೆ ನೀರಿಗೆ ಹಾಕದೆ ಲಕೋಟೆ ಸಮೇತ ಇಟ್ಟುಬಿಡಿ.

ಚೀಟಿಯ ಮೇಲಿನ ಊರು, ವರ್ಷ, ಮುದ್ರೆ ಮಕ್ಕಳು ಓದಲಿ. ಆ ಕಾಗದ ಯಾರು ಬರೆದರು, ಯಾಕೆ ಬರೆದರು ಎಂಬುದನ್ನು ನೀವು ಹೇಳಿ. ಅದನ್ನು ಯಾವ ಆಲ್ಬಮ್ಮೂ ಹೇಳುವುದಿಲ್ಲ. ಆಮೇಲೆ ಅಂಚೆ ಕಚೇರಿಗೆ ಹೋಗಿ ಒಂದು ಹೊಸ ಚೀಟಿ ಕೊಂಡು, ದೂರದ ಬೀಗರಿಗೋ ಗೆಳೆಯರಿಗೋ ಮಕ್ಕಳ ಕೈಯಿಂದಲೇ ಒಂದು ಕಾಗದ ಬರೆಸಿ ಹಾಕಿ.